ಅಮೆರಿಕಕ್ಕೆ ಬಂದ ಅಪ್ಪ-ಅಮ್ಮನ ಹಲ್ಲಿನ ಕ್ಯಾಪ್ ಕಳಚಿದರೆ: ಡೆಂಟೆಂಪ್ ಎಷ್ಟು ದಿನ ಕಾಪಾಡುತ್ತೆ?

ಊರಿಂದ ಬಂದ ಹಿರಿಯರ ಬಾಯಲ್ಲಿ ಒಂದೆರಡು ಹಳೇ ಕ್ಯಾಪ್ ಇರುವುದು ಸಾಮಾನ್ಯ. ಜೊತೆಗೆ ತಂದ ಗೋಕಾಕ ಕರದಂಟೋ ಕಡಲೆಮಿಠಾಯಿಯೋ ಜಗಿಯುವಾಗ ಅದು ಕಳಚಿ ಕೈಗೆ ಬಂದರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ವಾರಾಂತ್ಯವಾದರೆ ದಂತವೈದ್ಯರೂ ಸುಲಭಕ್ಕೆ ಸಿಗುವುದಿಲ್ಲ. ಆ ಹೊತ್ತಿಗೆ ಸಿವಿಎಸ್, ವಾಲ್‌ಗ್ರೀನ್ಸ್, ವಾಲ್‌ಮಾರ್ಟ್‌ನಲ್ಲಿ ಟೂತ್‌ಪೇಸ್ಟ್ ಸಾಲಿನಲ್ಲೇ ಸಿಗುವ ವಸ್ತು ಡೆಂಟೆಂಪ್, ಕ್ಯಾಪನ್ನು ತಾತ್ಕಾಲಿಕವಾಗಿ ಅಂಟಿಸುವ ಪೇಸ್ಟ್. ಹತ್ತು ಡಾಲರ್ ಒಳಗೇ ಬರುತ್ತದೆ, ವೈದ್ಯರ ಚೀಟಿ ಬೇಕಿಲ್ಲ. ನಾಲ್ಕಾರು ದಿನದ ಮಟ್ಟಿಗೆ ಅದು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಯಾವ ಹಲ್ಲಿಗೆ ಹಾಕಬಾರದು ಅನ್ನುವುದು ಡಬ್ಬಿ ತೆರೆಯುವ ಮೊದಲೇ ಗೊತ್ತಿರಬೇಕು.

ಕಳಚಿದ ಕ್ಯಾಪನ್ನು ಮೊದಲು ತಿರುಗಿಸಿ ಒಳಗೆ ನೋಡಿ. ಬಿಳಿ ಅಥವಾ ಹಳದಿ ಬಣ್ಣದ ಹಳೇ ಸಿಮೆಂಟಿನ ಪದರ ಮಾತ್ರ ಇದ್ದು, ಬಾಯಲ್ಲಿ ಕ್ಯಾಪ್‌ಗೆಂದು ಸಣ್ಣದಾಗಿ ಅರೆದ ಹಲ್ಲು ಗಟ್ಟಿಯಾಗಿ ನಿಂತಿದ್ದರೆ ಮನೆಯಲ್ಲೇ ಕೂರಿಸಬಹುದು. ವರ್ಷಗಳ ಮೇಲೆ ಸಿಮೆಂಟ್ ನಿಧಾನಕ್ಕೆ ಕರಗಿರುತ್ತದೆ, ಅಂಟುತಿಂಡಿ ಕೊನೆಯ ಎಳೆತ ಕೊಟ್ಟಿರುತ್ತದೆ ಅಷ್ಟೆ. ಕ್ಯಾಪಿನೊಳಗೆ ಹಲ್ಲಿನ ಚೂರೇ ಕೂತಿದ್ದರೆ ಹಲ್ಲು ಮುರಿದಿದೆ ಎಂದರ್ಥ. ಒಳಗಿಂದ ಲೋಹದ ಕಡ್ಡಿ ಹೊರಚಾಚಿದ್ದರೆ ಅದು ರೂಟ್ ಕೆನಾಲ್ ಆದಮೇಲೆ ಬೇರಿನೊಳಗೆ ಇಳಿಸಿದ ಪೋಸ್ಟ್. ಒತ್ತಿ ಕೂರಿಸಲು ಹೋದರೆ ಹಲ್ಲಿನ ಬೇರು ಸೀಳಬಹುದು. ಎರಡು-ಮೂರು ಹಲ್ಲು ಜೋಡಿಸಿದ ಬ್ರಿಡ್ಜ್, ದವಡೆ ಮೂಳೆಗೆ ಕೂರಿಸಿದ ಇಂಪ್ಲಾಂಟ್ ಮೇಲಿನ ಕ್ಯಾಪ್ ಇವನ್ನೂ ಮುಟ್ಟಬೇಡಿ. ಕೆನ್ನೆ ಅಥವಾ ವಸಡು ಊದಿದ್ದರೆ, ಕೀವಿದ್ದರೆ ಅಂತೂ ಪೇಸ್ಟ್ ಹಾಕಲೇಬಾರದು, ಒಳಗಿನ ಸೋಂಕಿಗೆ ಹೊರದಾರಿ ಮುಚ್ಚಿದಂತಾಗುತ್ತದೆ. ಊತದ ಜೊತೆ ಜ್ವರ, ನುಂಗಲು ಕಷ್ಟ, ಬಾಯಿ ತೆರೆಯಲಾಗದಿರುವುದು ಕಂಡರೆ ನೇರ ಎಮರ್ಜೆನ್ಸಿಗೆ.

ಈಗ ಸಿಗುವ ಒಂದೇ ಹಂತದ ಬಗೆಯಲ್ಲಿ ಪುಡಿ-ದ್ರವ ಕಲೆಸುವ ಗೋಜಿಲ್ಲ. ಜಿಂಕ್ ಆಕ್ಸೈಡ್ ಆಧಾರದ ಪೇಸ್ಟ್ ಪುಟ್ಟ ಡಬ್ಬಿಯಲ್ಲಿ ತಯಾರಾಗಿಯೇ ಬರುತ್ತದೆ, ಜೊತೆಗೆ ಹಚ್ಚಲು ಒಂದು ಕಡ್ಡಿ. ಹಚ್ಚುವುದು ಸುಲಭ, ಅದಕ್ಕೆ ಮುಂಚಿನ ತಯಾರಿಯಲ್ಲೇ ಜನ ಆತುರಪಡುತ್ತಾರೆ.

ಸಿಂಕಿನ ತೂತು ಮುಚ್ಚಿ, ಅಥವಾ ಕೆಳಗೆ ಬಟ್ಟಲಿಟ್ಟು ಕ್ಯಾಪ್ ತೊಳೆಯಿರಿ. ಒಳಗಿನ ಸಡಿಲ ಸಿಮೆಂಟನ್ನು ಟೂತ್‌ಪಿಕ್‌ನಿಂದ ಕೆರೆದು ತೆಗೆಯಿರಿ, ಅಂಚಿನ ಸುತ್ತ ಒಂದು ಚೂರೂ ಉಳಿಯಬಾರದು. ಹಲ್ಲನ್ನು ಮೆತ್ತನೆ ಬ್ರಷ್‌ನಿಂದ ಉಜ್ಜಿ. ಆಮೇಲೆ ಪೇಸ್ಟ್ ಇಲ್ಲದೆ ಒಮ್ಮೆ ಕೂರಿಸಿ ನೋಡಲೇಬೇಕು. ಕನ್ನಡಿ ಮುಂದೆ ಕೂತು, ಕೆನ್ನೆಯ ಕಡೆ ಯಾವುದು, ನಾಲಿಗೆಯ ಕಡೆ ಯಾವುದು ಎಂದು ಗುರುತಿಸಿಕೊಳ್ಳಿ. ಮೆಲ್ಲಗೆ ಕಚ್ಚಿದಾಗ ಬೇರೆ ಹಲ್ಲುಗಳೂ ಎಂದಿನಂತೆ ಸೇರಬೇಕು. ಆ ಕ್ಯಾಪೇ ಮೊದಲು ತಾಗಿದರೆ ಒಳಗೆ ಸಿಮೆಂಟ್ ಉಳಿದಿದೆ, ಇಲ್ಲವೇ ತಿರುಗುಮುರುಗಾಗಿದೆ. ಹಾಗೇ ಅಂಟಿಸಿದರೆ ಊಟದ ಭಾರವೆಲ್ಲ ಆ ಒಂದೇ ಹಲ್ಲಿನ ಮೇಲೆ ಬಿದ್ದು ರಾತ್ರಿಯೊಳಗೆ ನೋವು ಶುರುವಾಗುತ್ತದೆ.

ಸರಿ ಕೂತರೆ ಹೊರತೆಗೆದು, ಕ್ಯಾಪನ್ನೂ ಹಲ್ಲನ್ನೂ ಒಣ ಹತ್ತಿಯಿಂದ ಒರೆಸಿ. ಪೇಸ್ಟನ್ನು ಕ್ಯಾಪಿನ ಒಳಗೋಡೆಗೆ ತೆಳ್ಳಗೆ ಸವರಿದರೆ ಸಾಕು, ದವಡೆ ಹಲ್ಲಿಗೂ ಒಂದು ತೊಗರಿಕಾಳಿಗಿಂತ ಹೆಚ್ಚು ಬೇಕಾಗದು. ಸಡಿಲವಿದೆ ಅಂತ ಕ್ಯಾಪ್ ತುಂಬ ತುಂಬುವುದೇ ಎಲ್ಲರೂ ಮಾಡುವ ಎಡವಟ್ಟು: ಪೇಸ್ಟಿಗೆ ಹೊರಬರಲು ದಾರಿಯಿಲ್ಲದೆ ಕ್ಯಾಪ್ ಎತ್ತರಕ್ಕೇ ನಿಲ್ಲುತ್ತದೆ. ಬೆರಳಿಂದ ಒತ್ತಿ ಕೂರಿಸಿ, ಮೆಲ್ಲಗೆ ಕಚ್ಚಿ ಹಿಡಿಯಲು ಹೇಳಿ. ಅಂಚಿನಿಂದ ಹೊರಬಂದದ್ದನ್ನು ಒದ್ದೆ ಹತ್ತಿಯಿಂದ ತೆಗೆಯಿರಿ, ವಸಡಿನ ಸಂದಿಯಲ್ಲಿ ಬಿಡಬೇಡಿ. ಒಂದೆರಡು ಗಂಟೆ ಏನೂ ತಿನ್ನಬಾರದು. ಆಮೇಲೂ ಇನ್ನೊಂದು ಕಡೆಯಲ್ಲೇ ಜಗಿಯಬೇಕು: ಇಡ್ಲಿ, ಮೊಸರನ್ನ, ಮೆತ್ತಗಿನ ಪೊಂಗಲ್ ಸರಿ; ಚಕ್ಕುಲಿ, ನಿಪ್ಪಟ್ಟು, ಕರದಂಟು ಬೇಡ. ಫ್ಲಾಸ್ ಮಾಡುವುದಾದರೆ ದಾರವನ್ನು ಮೇಲಕ್ಕೆ ಎಳೆಯದೆ ಪಕ್ಕದಿಂದ ಜಾರಿಸಿ.

ಬಿದ್ದುಹೋದ ಫಿಲ್ಲಿಂಗ್ ಜಾಗಕ್ಕೂ ಇದೇ ಪೇಸ್ಟ್ ನಡೆಯುತ್ತದೆ, ಸುತ್ತ ಗೋಡೆ ಇರುವ ಗುಂಡಿಯಾದರೆ. ಮುಂದಿನ ಹಲ್ಲಿನ ಮುರಿದ ತುದಿಗೆ ನಿಲ್ಲುವುದಿಲ್ಲ. ಇನ್ನೊಂದು ಕೊರತೆ, ಒಮ್ಮೆ ತೆರೆದ ಡಬ್ಬಿ ಮುಚ್ಚಳ ಸಡಿಲವಾದರೆ ಗಟ್ಟಿಯಾಗಿಬಿಡುತ್ತದೆ. ಹಳೇ ಡಬ್ಬಿಯನ್ನು ನಂಬದೆ ಹೊಸದನ್ನೇ ತನ್ನಿ.

ಮರುದಿನವೇ ಅಪಾಯಿಂಟ್‌ಮೆಂಟ್ ಸಿಕ್ಕಿದ್ದರೆ ಡೆಂಟೆಂಪ್‌ಗಿಂತ ಕೃತಕ ದಂತಪಂಕ್ತಿಗೆ ಹಚ್ಚುವ ಪಾಲಿಗ್ರಿಪ್, ಫಿಕ್ಸೋಡೆಂಟ್‌ನಂಥ ಕ್ರೀಮ್ ವಾಸಿ. ಹಿಡಿತ ಕಡಿಮೆ, ಆದರೆ ಡಾಕ್ಟರಿಗೆ ಸಲೀಸಾಗಿ ತೊಳೆದು ತೆಗೆಯಲು ಬರುತ್ತದೆ. ಸೂಪರ್ ಗ್ಲೂ ಮಾತ್ರ ಯಾರು ಹೇಳಿದರೂ ಬೇಡ. ವಸಡು ಸುಡುತ್ತದೆ, ಕ್ಯಾಪ್ ಓರೆಯಾಗಿ ಕಚ್ಚಿಕೊಂಡರೆ ಮತ್ತೆ ಬಿಡಿಸಲಾಗದೆ ಹೊಸ ಕ್ಯಾಪೇ ಗತಿ. ನೋವಿಗೆಂದು ಲವಂಗದ ಎಣ್ಣೆ ಹಾಕಿದ್ದರೆ ಡಾಕ್ಟರಿಗೆ ತಪ್ಪದೆ ತಿಳಿಸಿ, ಅದರಲ್ಲಿರುವ ಯೂಜಿನಾಲ್ ಎಂಬ ಅಂಶ ಅವರು ಬಳಸುವ ರೆಸಿನ್ ಸಿಮೆಂಟನ್ನು ಗಟ್ಟಿಯಾಗಲು ಬಿಡುವುದಿಲ್ಲ. ನೋವಿಗೆ ಪ್ಯಾರಸಿಟಮಾಲ್ ಸಾಕು. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಐಬುಪ್ರೊಫೆನ್ ಕೊಡುವ ಮುನ್ನ ವೈದ್ಯರನ್ನು ಕೇಳಬೇಕು.

ಕ್ಯಾಪ್ ಕೂರಿಸಿದ ಮೇಲೂ ಅಲ್ಲಾಡುತ್ತಿದ್ದರೆ ತೆಗೆದು ಸಣ್ಣ ಡಬ್ಬಿಯಲ್ಲಿಡಿ. ಟಿಶ್ಯೂನಲ್ಲಿ ಸುತ್ತಿಟ್ಟದ್ದು ಕಸದ ಬುಟ್ಟಿ ಸೇರುವುದೇ ಹೆಚ್ಚು. ಸಡಿಲ ಕ್ಯಾಪ್ ಇಟ್ಟುಕೊಂಡು ಮಲಗಿದರೆ ಶ್ವಾಸನಾಳಕ್ಕೆ ಜಾರುವ ಭಯವಿದೆ. ವಯಸ್ಸಾದವರ ವಿಷಯದಲ್ಲಿ ಇದನ್ನು ಹಗುರವಾಗಿ ಕಾಣಬೇಡಿ.

ಚೆನ್ನಾಗಿ ಕೂತಿದೆ ಅಂತ ತಿಂಗಳುಗಟ್ಟಲೆ ಬಿಡುವುದೂ ತಪ್ಪು. ಈ ಪೇಸ್ಟ್ ಅಂಚಿನಲ್ಲಿ ಸವೆದು ಎಂಜಲು ಒಳಹೋದರೆ, ಕ್ಯಾಪಿನಡಿಯ ಹಲ್ಲು ಕಣ್ಣಿಗೆ ಬೀಳದೆ ಹುಳುಕಾಗುತ್ತದೆ. ಒಂದು ವಾರದೊಳಗೆ ದಂತವೈದ್ಯರನ್ನು ನೋಡಿ. ಪ್ರವಾಸಿ ವಿಮೆ ಇದಕ್ಕೆ ಒದಗುವುದು ಕಡಿಮೆ: ಬಹಳಷ್ಟು ಪಾಲಿಸಿಗಳು ಹಠಾತ್ ನೋವಿಗೋ ಅಪಘಾತಕ್ಕೋ ಒಂದು ಮಿತಿಯೊಳಗೆ ಕೊಡುತ್ತವೆ, ತಿನ್ನುವಾಗ ಕಳಚಿದ ಕ್ಯಾಪನ್ನು ಹೊರಗಿಡುತ್ತವೆ. ಹಾಗಾಗಿ ಫೋನಿನಲ್ಲೇ ಕೈಯಿಂದ ಕೊಡಬೇಕಾದ ದರ ಕೇಳಿ. ಅಮೆರಿಕದ ಕ್ಲಿನಿಕ್‌ಗಳಲ್ಲಿ ಚಿಕಿತ್ಸೆಯ ಕೋಡ್ ಹೇಳಿದರೆ ಮಾತು ಬೇಗ ಮುಗಿಯುತ್ತದೆ: ಒಂದೇ ತೊಂದರೆಯ ತಪಾಸಣೆಗೆ ಡಿ0140, ಬೇರಿನ ಒಂದು ಎಕ್ಸ್‌ರೇಗೆ ಡಿ0220, ಹಳೇ ಕ್ಯಾಪ್ ಮತ್ತೆ ಅಂಟಿಸಲು ಡಿ2920. ಹತ್ತಿರದಲ್ಲಿ ವಿಶ್ವವಿದ್ಯಾಲಯದ ದಂತ ಕಾಲೇಜಿದ್ದರೆ ಅಲ್ಲೂ ವಿಚಾರಿಸಿ, ಖರ್ಚು ಸಾಮಾನ್ಯವಾಗಿ ಕಡಿಮೆ.

ಹೊಸ ಕ್ಯಾಪೇ ಬೇಕು ಎಂದರೆ ಒಪ್ಪುವ ಮೊದಲು ಊರಿನ ಕಾಗದ ಹುಡುಕಿ. ಜಿರ್ಕೋನಿಯಾ (ಬಿಳಿ ಸೆರಾಮಿಕ್) ಕ್ಯಾಪ್‌ಗಳಿಗೆ ನಮ್ಮಲ್ಲಿ ಲ್ಯಾಬ್‌ಗಳು ವಾರಂಟಿ ಕಾರ್ಡ್ ಕೊಡುವುದುಂಟು. ವಾಪಸಾಗುವ ದಿನ ಹತ್ತಿರವಿದ್ದು, ಹಲ್ಲು ಗಟ್ಟಿಯಿದ್ದರೆ, ತಾತ್ಕಾಲಿಕವಾಗಿ ಅಂಟಿಸಿಕೊಂಡು ಊರಲ್ಲೇ ಮಾಡಿಸುವುದಕ್ಕೆ ಇಲ್ಲಿಯ ಡಾಕ್ಟರೂ ಅಡ್ಡಿ ಹೇಳುವುದು ಕಡಿಮೆ. ಆ ಕಾರ್ಡ್, ರೂಟ್ ಕೆನಾಲ್ ಆದಮೇಲಿನ ಎಕ್ಸ್‌ರೇ ಎರಡರ ಫೋಟೋವನ್ನೂ ಹೊರಡುವ ಮೊದಲೇ ಅಮ್ಮನ ಫೋನಿನಲ್ಲಿ ಹಾಕಿಸಿಡಿ.