ಚಂಡೀಗಢ ಕುರ್ಚಿ: ಕೆಲವು ವರ್ಷ ಕೂತು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯದು ಅಸಲಿ ಅಲ್ಲ. ಅಸಲಿ ಕುರ್ಚಿಗಳನ್ನು 1950ರ ದಶಕದಲ್ಲಿ ಸ್ವಿಸ್ ವಾಸ್ತುಶಿಲ್ಪಿ ಪಿಯರ್ ಜಾನ್ನರೆ ಮತ್ತು ಅವರ ತಂಡ ಚಂಡೀಗಢದ ಸರ್ಕಾರಿ ಕಚೇರಿಗಳಿಗೆ ಮಾಡಿಸಿದ್ದರು. ಆಮೇಲೆ ಎಷ್ಟೋ ಕುರ್ಚಿಗಳು ಗುಜರಿಗೆ ಹೋದವು, ಈಗ ಅವಕ್ಕೇ ವಿದೇಶದ ಹರಾಜಿನಲ್ಲಿ ಲಕ್ಷಗಟ್ಟಲೆ ಬೆಲೆ! ನಾವು ತಂದದ್ದು ನಕಲು. ತೇಗದ ಮರ, ಬೆತ್ತದ ಸೀಟು, ತಲೆಕೆಳಗಾದ 'ವಿ' ಆಕಾರದ ಕಾಲು.

ಫ್ಲಾಟ್ ದೊಡ್ಡದು, ಹಾಲ್‌ನ ಒಂದು ಗೋಡೆ ಪೂರ್ತಿ ಗಾಜು. ಇಂಟೀರಿಯರ್ ಡಿಸೈನರ್ ಅವರು ಇಟಾಲಿಯನ್ ಚರ್ಮದ ಸೋಫಾ ಸೆಟ್ ಅಂತ ಹಟ ಹಿಡಿದಿದ್ದರು. ಒಂದೇ ಸೋಫಾಕ್ಕೆ ಒಪ್ಪಿದೆವು, ಉಳಿದ ಜಾಗಕ್ಕೆ ಈ ಕುರ್ಚಿಗಳು. ಏಪ್ರಿಲ್ ಬಂತೆಂದರೆ ಚರ್ಮ ಬೆನ್ನಿಗೆ ಅಂಟುತ್ತದೆ, ಬೆತ್ತದಲ್ಲಿ ಗಾಳಿಯಾಡುತ್ತದೆ. ಮನೆಗೆ ಬಂದವರೂ ಸುಮ್ನೆ ಹೋಗಿ ಕುರ್ಚಿಯಲ್ಲೇ ಕೂರುತ್ತಾರೆ.

ತೇಗದ ಬಗ್ಗೆ ದೂರಿಲ್ಲ, ಗೆದ್ದಲಿನ ಭಯವೂ ಕಮ್ಮಿ. ತೊಂದರೆ ಇರುವುದು ಬೆತ್ತದ್ದು. ದಿನವೂ ಕೂರುವ ಕುರ್ಚಿಯ ಸೀಟು ಮಧ್ಯದಲ್ಲಿ ಜೋತುಬಿತ್ತು. ಅಂಗಡಿಗೆ ಫೋನ್ ಮಾಡಿದರೆ "ಅದು ಹಂಗೇ ಸಾರ್, ಹೊಸದು ತಗೊಳ್ಳಿ" ಅನ್ನುವ ಉತ್ತರ. ಹಂಗೇನೂ ಅಲ್ಲ. ಸೀಟಿನ ಕೆಳಭಾಗಕ್ಕೆ ಒದ್ದೆ ಬಟ್ಟೆ ಒತ್ತಿ, ಬೆತ್ತ ಚೆನ್ನಾಗಿ ನೆನೆದ ಮೇಲೆ ರಾತ್ರಿಯಿಡೀ ಒಣಗಲು ಬಿಟ್ಟರೆ ಅದು ಬಿಗಿಯುತ್ತದೆ. ಮೇಲಿನ ನುಣುಪು ಬದಿ ನೀರು ಹೀರುವುದಿಲ್ಲ, ಹಾಗಾಗಿ ಕೆಳಗಿನಿಂದಲೇ ಮಾಡಬೇಕು. ಎಸಿ ಜಾಸ್ತಿ ಓಡುವ ಕೋಣೆಯಲ್ಲಿ ಬೆತ್ತ ಒಣಗಿ ಎಳೆ ಕಡಿಯುತ್ತದೆ, ಅಲ್ಲಿಡಬೇಡಿ.

ಕೊಳ್ಳುವ ಮುಂಚೆ ಸೀಟನ್ನು ತಿರುಗಿಸಿ ನೋಡಿ. ಚೌಕಟ್ಟಿನಲ್ಲಿ ಸಾಲಾಗಿ ತೂತು ಕೊರೆದು ಎಳೆ ಎಳೆಯಾಗಿ ಹೆಣೆದಿದ್ದಾರಾ, ಅಥವಾ ರೆಡಿಮೇಡ್ ಹೆಣಿಗೆಯ ಹಾಳೆ ತಂದು ಉದ್ದಕ್ಕೆ ಕೊರೆದ ಸಣ್ಣ ತೋಡಿನಲ್ಲಿ ಅಂಟಿಸಿದ್ದಾರಾ? ಎರಡನೆಯದು ಅಗ್ಗ, ಬದಲಾಯಿಸುವುದೂ ಸುಲಭ, ಆದರೆ ಅಂಚಿನಲ್ಲಿ ಬೇಗ ಬಿಡುತ್ತದೆ. ಕೈಹೆಣಿಗೆಯ ದರ ಕೇಳಿದರೆ ತಲೆ ತಿರುಗಬಹುದು, ಹೆಣೆಯುವವರು ಕೂತು ಮಾಡುವುದನ್ನು ಒಮ್ಮೆ ನೋಡಿದರೆ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ.

ಗೋಡೆಗೆ ಮೈಸೂರು ಶೈಲಿಯ ಒಂದೇ ಒಂದು ಚಿತ್ರ ಹಾಕಿದ್ದೇವೆ. ತಂಜಾವೂರು ಚಿತ್ರದ ಹಾಗೆ ಉಬ್ಬಿಕೊಂಡಿಲ್ಲ, ಕಲ್ಲುಗಳ ಮಿಂಚಿಲ್ಲ. ತೆಳ್ಳಗಿನ ಗೆಸ್ಸೊ (ಪುಡಿಗೆ ಅಂಟು ಕಲಸಿದ ಲೇಪ) ಕೆಲಸದ ಮೇಲೆ ಚಿನ್ನದ ರೇಕು, ಅಷ್ಟೇ. ಹಾಗಾಗಿ ಸರಳ ಕುರ್ಚಿಗಳ ಜೊತೆ ಜಗಳವಾಡುವುದಿಲ್ಲ. ಗಾಜಿನ ಗೋಡೆಯ ಎದುರು ಮಾತ್ರ ಬೇಡ, ಬಿಸಿಲಿಗೆ ಬಣ್ಣ ಮಾಸುತ್ತದೆ. ಪಕ್ಕದಲ್ಲಿ ಬೆಂಗಳೂರಿನ ವಾರ್ಷಿಕ ಕಲಾ ಮೇಳ ಚಿತ್ರಸಂತೆಯಿಂದ ತಂದ ಅಮೂರ್ತ ಚಿತ್ರವೊಂದಿದೆ. ಜನವರಿಯಲ್ಲಿ ಕುಮಾರಕೃಪಾ ರಸ್ತೆಗೆ ಹೋದರೆ ಕಲಾವಿದರ ಹತ್ತಿರವೇ ಮಾತಾಡಿ ತರಬಹುದು, ಇಂಟೀರಿಯರ್‌ನವರು ಸೋಫಾ ಬಣ್ಣಕ್ಕೆ ಹೊಂದಿಸಿ ತಂದುಕೊಡುವ ಪ್ರಿಂಟಿಗಿಂತ ಎಷ್ಟೋ ವಾಸಿ ಅಲ್ವಾ?

ಐದಕ್ಕೆ ನಾಲ್ಕು ಅಂಕ. ಒಂದು ಕಳೆದದ್ದು ಅಂಗಡಿಯವರ ಆ ಉತ್ತರಕ್ಕೆ. ಮನೆಯಲ್ಲಿ ಬೆಕ್ಕಿದ್ದರೆ ಈ ಕುರ್ಚಿ ತರಲೇಬೇಡಿ.