ಕೋಡಿಬಾಗದ ಉಪ್ಪುಗಾಳಿಯಲ್ಲಿ 3 ಕಿಲೋವ್ಯಾಟ್ ಸೋಲಾರ್: ಎರಡು ಮಳೆಗಾಲ ಕಳೆದ ಮೇಲೆ

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಟೆರೇಸ್ ಮೇಲೆ ನಿಂತರೆ ಕಾಳಿ ನದಿ ಸಮುದ್ರ ಸೇರುವ ಜಾಗ ಕಾಣುತ್ತದೆ. ನೋಡಲು ಚೆಂದ, ಕಬ್ಬಿಣಕ್ಕೆ ಮಾತ್ರ ವೈರಿ. ಗೇಟು, ಕಿಟಕಿ ಸರಳು, ಮಕ್ಕಳ ಸೈಕಲ್ಲು, ಯಾವುದೂ ಇಲ್ಲಿ ಐದು ವರ್ಷ ನೆಟ್ಟಗೆ ಬಾಳಿದ್ದಿಲ್ಲ. ಇಂಥ ಕಡೆ 2024ರ ಏಪ್ರಿಲ್‌ನಲ್ಲಿ ಸೋಲಾರ್ ಹಾಕಿಸಿದೆವು. ಮೇ ಕೊನೆಗೆ ನೆಟ್ ಮೀಟರ್ (ಲೈನಿನಿಂದ ಬಂದದ್ದು, ಲೈನಿಗೆ ಹೋದದ್ದು ಎರಡನ್ನೂ ಅಳೆಯುವ ಮೀಟರ್) ಕೂತಿತು.

540 ವ್ಯಾಟಿನ ಆರು ಪ್ಯಾನೆಲ್, ಒಂದು 3 ಕಿಲೋವ್ಯಾಟ್ ಆನ್‌ಗ್ರಿಡ್ ಇನ್ವರ್ಟರ್, ಅಂದರೆ ಪ್ಯಾನೆಲಿನ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟಾಗಿ ಮಾಡಿ ಲೈನಿಗೆ ಸೇರಿಸುವ ಪೆಟ್ಟಿಗೆ. ಬ್ಯಾಟರಿ ಇಲ್ಲ. ಒಟ್ಟು 1.95 ಲಕ್ಷ ಆಯಿತು. ಅದರಲ್ಲಿ ಪಿಎಂ ಸೂರ್ಯಘರ್ ಸಬ್ಸಿಡಿ 78,000 ವಾಪಸ್ ಬಂತು. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಗೃಹಜ್ಯೋತಿ ಇರುವಾಗ ಸೋಲಾರ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ನಮ್ಮದು ಬಾವಿ ಪಂಪು, ಎಸಿ, ಎರಡು ಫ್ರಿಜ್ ಸೇರಿ ತಿಂಗಳಿಗೆ 200 ಯೂನಿಟ್ ದಾಟಿಯೇ ದಾಟುತ್ತಿತ್ತು. ದಾಟಿದವರಿಗೆ ಆ ಯೋಜನೆಯ ಲಾಭ ಇಲ್ಲ.

ಪ್ಯಾನೆಲ್‌ಗೆ ನಾಲ್ಕೂವರೆ ಸ್ಟಾರ್, ಇನ್ವರ್ಟರ್‌ಗೆ ನಾಲ್ಕು, ಫಿಟ್ಟಿಂಗ್ ಕೆಲಸಕ್ಕೆ ಎರಡು. ಮೊದಲ ವರ್ಷವೇ ಬರೆದಿದ್ದರೆ ಮೂರಕ್ಕೂ ಐದೈದು ಕೊಡುತ್ತಿದ್ದೆ. ಯಾಕೆಂದರೆ ಮೊದಲ ಮಳೆಗಾಲದಲ್ಲಿ ಏನೂ ಆಗಲಿಲ್ಲ.

ಎರಡನೇ ಮಳೆಗಾಲ ಶುರುವಾಯಿತು ನೋಡಿ. 2025ರ ಜೂನ್, ರಾತ್ರಿಯಿಡೀ ಸುರಿದಿತ್ತು. ಬೆಳಿಗ್ಗೆ ಎಂಟಕ್ಕೆ ಇನ್ವರ್ಟರ್ ಮೇಲೆ ಕೆಂಪು ದೀಪ, ಸ್ಕ್ರೀನಿನಲ್ಲಿ ‘ಐಸೋಲೇಷನ್ ಫಾಲ್ಟ್’. ಹತ್ತೂವರೆಗೆ ಮಳೆ ಬಿಟ್ಟು ಸ್ವಲ್ಪ ಬಿಸಿಲು ಬಿತ್ತು. ತನ್ನಷ್ಟಕ್ಕೇ ಹಸಿರಾಯಿತು. ಮರುದಿನವೂ ಹಾಗೇ. ಮೂರನೇ ದಿನ ಫಿಟ್ಟಿಂಗಿನವರಿಗೆ ಫೋನ್ ಮಾಡಿದೆ. ಅವರ ಹುಡುಗ ಬಂದದ್ದು ಮಧ್ಯಾಹ್ನ ಎರಡಕ್ಕೆ.

“ಮೇಡಂ, ಆ್ಯಪ್‌ನಲ್ಲಿ ಹಸಿರು ಇದೆ ಅಲ್ವಾ? ಮಳೆಗಾಲದಲ್ಲಿ ಹೀಗೆಲ್ಲ ಆಗ್ತದೆ.”

ಚಹಾ ಕುಡಿದು ಹೋದ. ಹೀಗೆ ಮೂರು ಸಲ ಬಂದ, ಮೂರು ಸಲವೂ ಚಹಾ ಕುಡಿದ.

ನಮ್ಮ ಪಕ್ಕದ ಮನೆ ಮಾಮ ಕರೆಂಟಿನ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವರು. ವಿಷಯ ಕೇಳಿ ನಕ್ಕರು. “ತಂಗಿ, ಬೆಳಿಗ್ಗೆ ಬರೋ ಜ್ವರ ನೋಡ್ಲಿಕ್ಕೆ ಡಾಕ್ಟರು ಮಧ್ಯಾಹ್ನ ಬಂದ್ರೆ ಏನು ಸಿಗ್ತದೆ?” ಮರುದಿನ ಬೆಳಿಗ್ಗೆ ಐದೂವರೆಗೇ ಮೆಗ್ಗರ್ (ಕರೆಂಟು ಸೋರಿಕೆ ಪತ್ತೆ ಮಾಡುವ ಮೀಟರ್) ಹಿಡಿದು ಟೆರೇಸ್ ಹತ್ತಿದರು. ಬೆಳಕು ಹರಿದರೆ ಪ್ಯಾನೆಲ್‌ನಲ್ಲಿ ಕರೆಂಟು ಹುಟ್ಟುತ್ತದೆ, ಅದಕ್ಕೇ ಅಷ್ಟು ಬೇಗ. ನಾನು ಛತ್ರಿ ಮತ್ತು ಟಾರ್ಚ್ ಹಿಡಿದು ನಿಂತಿದ್ದೆ. ಡಿಸಿ ಸ್ವಿಚ್ ಆಫ್ ಮಾಡಿ, ಪ್ಯಾನೆಲ್ ವೈರಿಗೂ ಅರ್ಥಿಂಗಿಗೂ ನಡುವಿನ ತಡೆ (ರೆಸಿಸ್ಟೆನ್ಸ್) ಅಳೆದರು. ಕಡಿಮೆ ಅಂದರೂ ಒಂದು ಮೆಗಾಓಮ್ ಬರಬೇಕಿತ್ತು. ಬಂದದ್ದು 0.08. ಅಂದರೆ ಎಲ್ಲೋ ನೀರಿನ ದಾರಿಯಲ್ಲಿ ಕರೆಂಟು ಸೋರುತ್ತಿದೆ. ಇನ್ವರ್ಟರ್ ಸುಮ್ನೆ ಹಟ ಮಾಡುತ್ತಿರಲಿಲ್ಲ, ನಮ್ಮನ್ನು ಕಾಯುತ್ತಿತ್ತು.

ಒಂದೊಂದೇ ಪ್ಯಾನೆಲ್ ಬಿಡಿಸುತ್ತಾ ಹೋದರು. ಮೂರನೆಯ ಮತ್ತು ನಾಲ್ಕನೆಯ ಪ್ಯಾನೆಲ್ ನಡುವೆ ಸಿಕ್ಕಿತು. ವೈರನ್ನು ಎತ್ತಿ ಕಟ್ಟಿದ್ದ ಬಿಳಿ ಪ್ಲಾಸ್ಟಿಕ್ ಟೈ ಬಿಸಿಲಿಗೆ ಒಣಗಿ ಮುರಿದಿತ್ತು. ವೈರು ಜೋತು ಬಿದ್ದು, ಪ್ಯಾನೆಲ್ ವೈರುಗಳನ್ನು ಜೋಡಿಸುವ ಎಂಸಿ-4 ಕನೆಕ್ಟರ್ ಟೆರೇಸಿನ ನೀರಿನಲ್ಲೇ ಮಲಗಿತ್ತು. ಅಷ್ಟಾದರೂ ಒಳಗೆ ನೀರು ಹೋಗಬಾರದು, ಅದಕ್ಕೆ ರಬ್ಬರ್ ಸೀಲ್ ಇರುತ್ತದೆ. ಆದರೆ ಗಂಡು ಕನೆಕ್ಟರ್ ಒಂದು ಕಂಪನಿಯದು, ಹೆಣ್ಣು ಇನ್ನೊಂದರದು. ಟಕ್ ಅಂತ ಕೂತಂತೆ ಕಂಡರೂ ಸಂದಿ ಉಳಿದಿತ್ತು. ಬಿಚ್ಚಿದಾಗ ಉಪ್ಪುನೀರು ತೊಟ್ಟಿಕ್ಕಿತು. ಒಳಗಿನ ಪಿನ್ನಿಗೆ ಹಳೇ ತಾಮ್ರದ ಹಂಡೆಯ ಹಾಗೆ ಹಸಿರು ಕಿಲುಬು. ಮಾಮ ವೈರನ್ನು ಮೆಲ್ಲಗೆ ಎಳೆದರು, ಪಿನ್ನಿನಿಂದ ಜಾರಿ ಕೈಗೇ ಬಂತು. ವೈರನ್ನು ಪಿನ್ನಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್ ಬದಲು ಮಾಮೂಲಿ ಕಟಿಂಗ್ ಪ್ಲೇಯರ್‌ನಿಂದ ಒತ್ತಿದ್ದರು. ನೀರು ಹೋಗದೇ ಇದ್ದಿದ್ದರೆ ಬೇಸಿಗೆಯಲ್ಲಿ ಅಲ್ಲೇ ಬಿಸಿಯಾಗಿ ಕರಗುತ್ತಿತ್ತಂತೆ.

ಒಂದೇ ಕಂಪನಿಯ ಜೋಡಿ ತರಿಸಿ ಹಾಕಿದೆವು. ಟೈಗಳನ್ನೆಲ್ಲ ತೆಗೆದು ಸ್ಟೀಲ್ ಟೈ ಕಟ್ಟಿಸಿದೆವು. ಮೆಗ್ಗರ್ ಮತ್ತೆ ಇಪ್ಪತ್ತರ ಮೇಲೆ ತೋರಿಸಿತು. ಆಮೇಲೆ ಇಡೀ ಮಳೆಗಾಲ ಕೆಂಪು ದೀಪ ಬರಲಿಲ್ಲ. ಒಂದು ಮಾತು ಮಾತ್ರ ನೆನಪಿಡಿ: ಬಿಸಿಲಿರುವಾಗ, ಇನ್ವರ್ಟರ್ ಓಡುತ್ತಿರುವಾಗ ಈ ಕನೆಕ್ಟರ್ ಎಳೆಯಲು ಹೋಗಬೇಡಿ. ಡಿಸಿ ಕಿಡಿ ಹಾರಿದರೆ ಸುಲಭಕ್ಕೆ ಆರುವುದಿಲ್ಲ.

ಅಲ್ಲಿಂದ ನನಗೆ ಹುಳ ಹೊಕ್ಕಿತು. ಕಾಣದ ಜಾಗದಲ್ಲಿ ಹೀಗೆ ಮಾಡಿದವರು ಬೇರೆ ಕಡೆ ಏನು ಮಾಡಿರಬಹುದು? ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತ ಕಿತ್ತುಕೊಂಡು ಮೇಲೆ ಹೋದೆ. ಕೊಟೇಶನ್ನಿನಲ್ಲಿ ಎಲ್ಲ ಬೋಲ್ಟೂ ಸ್ಟೇನ್‌ಲೆಸ್ ಅಂತ ಬರೆದಿತ್ತು. ಒಳ್ಳೆ ಸ್ಟೇನ್‌ಲೆಸ್‌ಗೆ ಅಯಸ್ಕಾಂತ ಅಂಟುವುದಿಲ್ಲ, ಅಂಟಿದರೂ ತೀರಾ ಸ್ವಲ್ಪ. ಎದುರಿನ ಸಾಲಿನಲ್ಲಿ, ಅಂದರೆ ನಾವು ನಿಂತು ಫೋಟೋ ತೆಗೆಸಿಕೊಂಡ ಕಡೆ, ಎಲ್ಲ ಸರಿ ಇತ್ತು. ಹಿಂದಿನ ಸಾಲಿನಲ್ಲಿ ಎಂಟು ಬೋಲ್ಟ್ ಅಯಸ್ಕಾಂತವನ್ನು ಲಪ್ಪಂತ ಹಿಡಿದವು. ಅವುಗಳ ತಲೆಯಿಂದ ಆಗಲೇ ಕೆಂಪು ತುಕ್ಕು ಇಳಿದಿತ್ತು. ಜಿಐ (ಸತು ಲೇಪಿಸಿದ ಕಬ್ಬಿಣದ) ಕಾಲುಗಳಲ್ಲೂ ಅಷ್ಟೆ. ಫ್ಯಾಕ್ಟರಿಯಿಂದ ಬಂದ ಮೈ ಚೆನ್ನಾಗಿದೆ, ಇಲ್ಲಿ ಕೊಯ್ದ ತುದಿ ಮತ್ತು ಕೊರೆದ ತೂತುಗಳಲ್ಲಿ ತುಕ್ಕು. ಕೊಯ್ದ ಕಡೆ ಸತುವಿನ ಬಣ್ಣ ಬಳಿಯಬೇಕು, ಬಳಿದಿರಲಿಲ್ಲ. ಇನ್ನೊಂದು: ತಾಮ್ರದ ಅರ್ಥಿಂಗ್ ವೈರನ್ನು ನೇರ ಅಲ್ಯೂಮಿನಿಯಂ ಫ್ರೇಮಿಗೇ ಬಿಗಿದಿದ್ದರು. ಉಪ್ಪುಗಾಳಿಯಲ್ಲಿ ಈ ಎರಡು ಲೋಹ ಒಟ್ಟಿಗೆ ಸೇರಿದರೆ ಅಲ್ಯೂಮಿನಿಯಂ ತಿಂದು ಹೋಗುತ್ತದೆ. ಆ ಜಾಗದಲ್ಲೆಲ್ಲ ಬಿಳಿ ಹಿಟ್ಟಿನಂಥ ಪುಡಿ. ನಡುವೆ ತವರ ಬಳಿದ ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಹಾಕಿಸಿದ ಮೇಲೆ ನಿಂತಿದೆ.

ಪ್ಯಾನೆಲ್ ಬಗ್ಗೆ ಮಾತ್ರ ತಕರಾರಿಲ್ಲ. ಉಪ್ಪುಗಾಳಿ ಪರೀಕ್ಷೆಯ ಐಇಸಿ 61701 ಸರ್ಟಿಫಿಕೇಟ್ ಇರುವುದನ್ನೇ ಕೇಳಿ ತೆಗೆದುಕೊಂಡಿದ್ದೆವು. ಗಾಜಿನೊಳಗಿನ ಸೀರಿಯಲ್ ನಂಬರನ್ನು ಬಿಲ್ಲಿಗೆ ತಾಳೆ ನೋಡಿದ್ದೆ. ವೋಲ್ಟೇಜ್ ಪರೀಕ್ಷೆ ನೀವೂ ಎದುರು ನಿಂತು ಮಾಡಿಸಬಹುದು. ನಮ್ಮ ಪ್ಯಾನೆಲ್ ಹಿಂದಿನ ಲೇಬಲ್‌ನಲ್ಲಿ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನೂ ಜೋಡಿಸದೆ ಇದ್ದಾಗಿನದು) 49.6. ಆರು ಸೇರಿದರೆ 297 ಹತ್ತಿರ. ಮಾರ್ಚ್ ಮಧ್ಯಾಹ್ನ ಅಳೆದಾಗ 270 ಬಂತು. ಗಾಬರಿ ಬೇಡ, ಪ್ಯಾನೆಲ್ ಕಾದಷ್ಟೂ ವೋಲ್ಟೇಜ್ ಇಳಿಯುತ್ತದೆ. 225 ಬಂದಿದ್ದರೆ ಒಂದು ಪ್ಯಾನೆಲ್ ಲೆಕ್ಕಕ್ಕೇ ಇಲ್ಲ ಅಂತ ಅರ್ಥ.

ಇನ್ವರ್ಟರಿಗೆ ಒಂದು ಸ್ಟಾರ್ ಕಡಿಮೆ ಕೊಟ್ಟದ್ದು ಬಹುಶಃ ಅನ್ಯಾಯ. ಒಳ್ಳೆ ಬಿಸಿಲಿನ ಹೊತ್ತಿಗೇ ಅದು ‘ಗ್ರಿಡ್ ಓವರ್ ವೋಲ್ಟೇಜ್’ ಅಂತ ಹೇಳಿ ಐದೈದು ನಿಮಿಷ ಕೂತುಬಿಡುತ್ತಿತ್ತು. ನಾನು ಲೈನಿನ ತಪ್ಪು ಅಂದುಕೊಂಡಿದ್ದೆ. ಮಾಮ ಎರಡು ಕಡೆ ಒಟ್ಟಿಗೇ ಅಳೆಸಿದರು. ಮೀಟರಿನ ಹತ್ತಿರ 249, ಇನ್ವರ್ಟರಿನ ಹತ್ತಿರ 254. ನಡುವಿನ ಐದು ವೋಲ್ಟ್ ನಮ್ಮದೇ ವೈರಿನದು! ಟೆರೇಸಿನಿಂದ ಮೀಟರಿಗೆ 25 ಮೀಟರ್ ದೂರ, ಎಳೆದದ್ದು 2.5 ಸ್ಕ್ವೇರ್ ಎಂಎಂ ವೈರು. 6 ಸ್ಕ್ವೇರ್ ಎಂಎಂ ತಾಮ್ರದ ವೈರು ಎಳೆಸಿದ ಮೇಲೆ ಅಂತರ ಎರಡು ವೋಲ್ಟಿಗೆ ಇಳಿಯಿತು. ಕೂರುವುದೂ ನಿಂತಿತು.

ಅರ್ಥಿಂಗ್ ಗುಂಡಿ ಮೂರು ಬೇಕು: ಸಿಡಿಲಿಗೆ ಒಂದು, ಪ್ಯಾನೆಲಿನ ಡಿಸಿ ಕಡೆಗೆ ಒಂದು, ಮನೆ ಲೈನಿನ ಎಸಿ ಕಡೆಗೆ ಒಂದು. ಮೂರೂ ಇದ್ದವು. ಆದರೆ ನಮ್ಮದು ಮರಳು ನೆಲ, ಏಪ್ರಿಲ್‌ನಲ್ಲಿ ಒಣಗಿ ಬರಡಾಗುತ್ತದೆ. ಐದು ಓಮ್ ಒಳಗೆ ಇರಬೇಕಾದದ್ದು ಸಿಡಿಲಿನ ಗುಂಡಿಯಲ್ಲಿ 18 ಬಂತು. ಅಳೆಸುವುದಾದರೆ ಬೇಸಿಗೆಯಲ್ಲೇ ಅಳೆಸಿ. ಮಳೆಗಾಲದಲ್ಲಿ ಎಲ್ಲ ಗುಂಡಿಯೂ ಪಾಸ್.

ಯೂನಿಟ್ ಲೆಕ್ಕ: ಮಾರ್ಚಿನಲ್ಲಿ ದಿನಕ್ಕೆ 14ರಿಂದ 15. ಜುಲೈನಲ್ಲಿ ಸರಾಸರಿ ಐದೂವರೆ, ಒಂದು ದಿನ ಬರೀ 1.8. ಮೊದಲ ವರ್ಷ ಒಟ್ಟು 3,870. ಆ್ಯಪ್ ತೋರಿಸುವುದಕ್ಕಿಂತ ನೆಟ್ ಮೀಟರಿನ ಎಕ್ಸ್‌ಪೋರ್ಟ್ ಕಡಿಮೆ ಇದ್ದರೆ ಜಗಳಕ್ಕೆ ಹೋಗಬೇಡಿ, ಹಗಲು ಮನೆಯಲ್ಲೇ ಖರ್ಚಾದದ್ದು ಮೀಟರಿಗೆ ಕಾಣುವುದಿಲ್ಲ. ಕರೆಂಟು ಹೋದರೆ ಈ ಸೋಲಾರೂ ನಿಲ್ಲುತ್ತದೆ. ಲೈನ್ ರಿಪೇರಿ ಮಾಡುವವರಿಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿದ್ದಾರೆ. ಮೊದಲ ಸಲ ಹೋದಾಗ ನೆಂಟರ ಮುಂದೆ ನಗೆಪಾಟಲಾಯಿತು. ಹಳೇ ಬ್ಯಾಟರಿ ಇನ್ವರ್ಟರ್ ಹಾಗೇ ಇಟ್ಟುಕೊಂಡಿದ್ದೇವೆ.

ತೊಳೆಯುವುದು ಬೆಳಿಗ್ಗೆ ಬೇಗ, ಬಾವಿಯ ಸಿಹಿನೀರಿನಲ್ಲಿ. ಗಾಜಿನ ಮೇಲೆ ಉಪ್ಪಿನ ತೆಳು ಪರದೆ ಕೂರುತ್ತದೆ. ಜೊತೆಗೆ ಕಾಗೆಗಳು ಬಂಗಡೆ ಮುಳ್ಳು ತಂದು ಪ್ಯಾನೆಲ್ ಮೇಲೇ ಕೂತು ತಿನ್ನುತ್ತವೆ. ಇದಕ್ಕೆ ಯಾವ ಸರ್ಟಿಫಿಕೇಟೂ ಇಲ್ಲ. ಶಿರಸಿಯ ನಮ್ಮ ಅಕ್ಕನ ಮನೆಯಲ್ಲಿ ಉಪ್ಪಿನ ಕಾಟ ಇಲ್ಲ, ಬೋಲ್ಟು ಹೊಸದರ ಹಾಗಿವೆ. ಅಲ್ಲಿ ಫ್ರೇಮಿನ ಕೆಳ ಅಂಚಿಗೆ ಪಾಚಿ, ಮೇಲೆ ಹಲಸಿನ ಮರದ ನೆರಳು.

ನೆರಳಿನ ಪಾಠ ನಮಗೂ ತಡವಾಗಿ ಆಯಿತು. ಜಾಗ ನೋಡಿದ್ದು ಏಪ್ರಿಲ್ ಕೊನೆಗೆ. ಆಗ ಕಾರವಾರದಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ, ತೆಂಗಿನ ಮರದ ನೆರಳು ಬುಡದಲ್ಲೇ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಅದೇ ಮರದ ನೆರಳು ಮೂರೂವರೆಗೆ ಎರಡು ಪ್ಯಾನೆಲ್ ಮೇಲೆ ಬಂದು ಮಲಗಿತು. ಫಿಟ್ಟಿಂಗಿನವರಿಗೆ ಇದು ಗೊತ್ತಿರಬೇಕಿತ್ತು. ದಿನಕ್ಕೆ ಮುಕ್ಕಾಲು ಯೂನಿಟ್ ಹೋಗುತ್ತದೆ. ಮರ ಕಡಿಯೋಣ ಅಂದದ್ದಕ್ಕೆ ಅತ್ತೆ ಎರಡು ದಿನ ಮಾತು ಬಿಟ್ಟರು. ವರ್ಷಕ್ಕೆ ನೂರಕ್ಕೂ ಜಾಸ್ತಿ ಕಾಯಿ ಕೊಡುವ ಮರ. ಈಗ ಬರುವ ಬೇಸಿಗೆಯಲ್ಲಿ ಆ ಎರಡು ಪ್ಯಾನೆಲ್‌ಗಳನ್ನೇ ನೀರಿನ ಟ್ಯಾಂಕಿನ ಆಚೆ ಬದಿಗೆ ಸರಿಸಲು ಹೇಳಿದ್ದೇನೆ. ಈ ಸಲ ಕ್ರಿಂಪಿಂಗ್ ಟೂಲ್ ತಂದು ತೋರಿಸಿದ ಮೇಲೇ ಅಡ್ವಾನ್ಸ್.