ಜಾಹೀರಾತು ಬರೆಯುವ ಮುಂಚೆ: ಗುಂಪು ಚರ್ಚೆ, ಅಂಗಡಿ, ಆನ್‌ಲೈನ್ ಟೆಸ್ಟ್, ಸರ್ವೆ – ಯಾವುದು ಯಾವುದಕ್ಕೆ?

ಚಳ್ಳಕೆರೆ ಕಡೆಯ ಗಾಣದವರೊಬ್ಬರಿಗೆ ಜಾಹೀರಾತು ಮಾಡಿಕೊಡುವ ಕೆಲಸ ಬಂದಿತ್ತು. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ಶೇಂಗಾ ಎಣ್ಣೆ ಅಲ್ಲಿ ಯಾರಿಗೂ ಹೊಸದಲ್ಲ. ಆದರೆ ಇವರಿಗೆ ಮಾರಬೇಕಿದ್ದದ್ದು ದಾವಣಗೆರೆಯಲ್ಲಿ, ಅದೂ ರಿಫೈನ್ಡ್ ಎಣ್ಣೆಯ ಹತ್ತಿರ ಹತ್ತಿರ ಎರಡು ಪಟ್ಟು ರೇಟಿಗೆ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು, ರೇಟು ಇಳಿಸೋಕೆ ದಾರಿಯೇ ಇಲ್ಲ. ಬಜೆಟ್ಟೂ ಸಣ್ಣದು. ಹೀಗಾಗಿ ಜನರ ಮನಸ್ಸು ತಿಳಿಯೋಕೆ ಇರುವ ನಾಲ್ಕು ದಾರಿಗಳನ್ನೂ ಒಂದೇ ಸರಕಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ.

ಏನು ಹೇಳಬೇಕು ಅಂತ ಹುಡುಕೋಕೆ ಅಂಗಡಿಯೇ ಸರಿ. ಎರಡು ರೀತಿ ಬರೆದುಕೊಂಡು ಒಂದನ್ನು ಆರಿಸೋಕೆ ಆನ್‌ಲೈನ್ ಟೆಸ್ಟ್. ಉಳಿದೆರಡಕ್ಕೂ ಕೆಲಸ ಇದೆ, ಆದರೆ ನಮ್ಮ ಕಸುಬಿನವರು ಹೇಳುವಷ್ಟು ದೊಡ್ಡ ಕೆಲಸ ಅಲ್ಲ.

ಮೊದಲು ಗುಂಪು ಚರ್ಚೆ, ಅಂದರೆ ಫೋಕಸ್ ಗ್ರೂಪ್. 1940ರ ದಶಕದಲ್ಲಿ ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಮೆರ್ಟನ್ ಮತ್ತು ಜೊತೆಗಾರರು ರೇಡಿಯೋ ಕೇಳುಗರನ್ನು ಕೂರಿಸಿ ಮಾತಾಡಿಸಿದ್ದರಿಂದ ಬೆಳೆದ ವಿಧಾನ ಇದು. ಆರರಿಂದ ಹತ್ತು ಜನ, ಮಾತು ನಡೆಸೋಕೆ ಒಬ್ಬರು, ಒಂದೂವರೆ ಗಂಟೆ. ನಾವು ಒಂದು ಮನೆಯ ಹಾಲ್‌ನಲ್ಲಿ ಗೃಹಿಣಿಯರನ್ನು ಕೂರಿಸಿದೆವು. ಕಾಫಿ ಬರುವಷ್ಟರಲ್ಲೇ ಎಲ್ಲರೂ ಒಂದೇ ಮಾತಿಗೆ ಬಂದುಬಿಟ್ಟರು: 'ಆರೋಗ್ಯ ಮುಖ್ಯ, ದುಡ್ಡು ಹೋದರೆ ಹೋಗಲಿ.' ಮೊದಲು ಮಾತಾಡಿದವರು ಹಾಗಂದರು, ಉಳಿದವರು ತಲೆಯಾಡಿಸಿದರು. ಅಕ್ಕಪಕ್ಕದ ಮನೆಯವರ ಎದುರಿಗೆ 'ನಾವು ಹಬ್ಬಕ್ಕೆ ಕರಿಯೋಕೆ ಪಾಮಾಯಿಲ್ ತರ್ತೀವಿ' ಅಂತ ಯಾರು ಹೇಳುತ್ತಾರೆ, ಅಲ್ವಾ? ಮುಂದಿನ ಗುಂಪಿನಲ್ಲಿ ಬಾಯಿ ತೆರೆಯುವ ಮುಂಚೆ ಚೀಟಿಯಲ್ಲಿ ಬರೆಸಿದೆವು. ಆಗ ಉತ್ತರಗಳು ಬೇರೆ ಬೇರೆ ಬಂದವು. ಗುಂಪು ಚರ್ಚೆ ಮಾಡಿಸುವವರು ಇಷ್ಟನ್ನಾದರೂ ಮಾಡಲೇಬೇಕು.

ಆರೋಗ್ಯದ ಮಾತಿಗೆ ಇನ್ನೊಂದು ತೊಡಕೂ ಇದೆ. 'ಹೃದಯಕ್ಕೆ ಒಳ್ಳೆಯದು' ಅಂತ ಸುಮ್ನೆ ಬರೆಯೋಕೆ ಬರೋದಿಲ್ಲ. ಆಹಾರದ ಜಾಹೀರಾತಿಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳಿವೆ, ಹೇಳಿದ್ದಕ್ಕೆ ಆಧಾರ ಬೇಕು. ಹಾಗಾಗಿ ಗುಂಪಿನಿಂದ ಬಂದ ಮುಖ್ಯ ಉತ್ತರ ನಮ್ಮ ಕೈಗೆ ಹತ್ತಲಿಲ್ಲ. ಆದರೆ ಅಡುಗೆಮನೆಯ ಮಾತಿನ ಧಾಟಿ ಸಿಕ್ಕಿತು, ಅದು ಆಮೇಲೆ ಬರೆಯುವಾಗ ನೆರವಾಯಿತು.

ಅಂಗಡಿಯ ಕಥೆಯೇ ಬೇರೆ. ಪರಿಚಯದ ಕಿರಾಣಿಯವರನ್ನು ಕೇಳಿಕೊಂಡು ಗಲ್ಲಾಪೆಟ್ಟಿಗೆ ಪಕ್ಕ ನಿಂತೆ. ತಿಂಗಳ ಮೊದಲ ವಾರ ಬೇರೆ, ಕೊನೆಯ ವಾರ ಬೇರೆ. ಎರಡೂ ಹೊತ್ತಲ್ಲಿ ನಿಲ್ಲಬೇಕು. ಸಂಬಳದ ವಾರದಲ್ಲಿ ಐದು ಲೀಟರ್ ಕ್ಯಾನ್ ಒಯ್ಯುವ ಮನೆಯವರೇ ತಿಂಗಳ ಕೊನೆಗೆ ಅರ್ಧ ಲೀಟರ್ ಪ್ಯಾಕೆಟ್ ಕೇಳುತ್ತಾರೆ. ಗುಂಪಿನಲ್ಲಿ ಯಾರೂ ಹೇಳದ ಪಾಮಾಯಿಲ್ ಇಲ್ಲಿ ಧಾರಾಳವಾಗಿ ಹೋಗುತ್ತಿತ್ತು.

ಗಾಣದ ಎಣ್ಣೆ ಬಾಟಲಿಯನ್ನು ಜನ ಕೈಗೆತ್ತಿಕೊಳ್ಳುತ್ತಿದ್ದರು. ಬೆಳಕಿಗೆ ಹಿಡಿದು, ಓರೆ ಮಾಡಿ, ತಳ ನೋಡಿ, ತಿರುಗಿ ಶೆಲ್ಫಿಗೆ ಇಡುತ್ತಿದ್ದರು. ತಳದಲ್ಲಿ ಗಸಿ! 'ಇದೇನ್ರೀ, ಹಳೇದಾ? ಏನಾದ್ರೂ ಬೆರೆಸಿದಾರಾ?' ಅಂತ ಅಂಗಡಿಯವರನ್ನು ಕೇಳುತ್ತಿದ್ದರು. ಒಮ್ಮೆ ಒಯ್ದವರದು ಇನ್ನೊಂದು ದೂರು: ಬಜ್ಜಿ ಬಿಟ್ಟರೆ ನೊರೆ ಉಕ್ಕುತ್ತೆ. ರಿಫೈನ್ ಮಾಡದ ಎಣ್ಣೆಯಲ್ಲಿ ಗಸಿ ಕೂರೋದೂ ನೊರೆ ಬರೋದೂ ಸಹಜ, ಗಾಣದವರಿಗೆ ಅದು ಗೊತ್ತೇ ಇತ್ತು. ಗೊತ್ತಿದ್ದದ್ದಕ್ಕೇ ಅದನ್ನೊಂದು ಹೇಳುವ ವಿಷಯ ಅಂತ ಅವರು ಅಂದುಕೊಂಡಿರಲಿಲ್ಲ. ಗುಂಪು ಚರ್ಚೆಯಲ್ಲಿ ಈ ಮಾತು ಬರಲೇ ಇಲ್ಲ, ಯಾಕೆಂದರೆ ಅಲ್ಲಿ ಯಾರ ಕೈಯಲ್ಲೂ ಬಾಟಲಿ ಇರಲಿಲ್ಲ.

ಅಂಗಡಿಯ ದೋಷವೂ ಇದೆ. ಕಾಣೋದು ಆ ಬೀದಿಯ ಗಿರಾಕಿಗಳು ಮಾತ್ರ. ಅಂಗಡಿಯವರ ಮಾತನ್ನು ಪೂರ್ತಿ ನಂಬೋಕೂ ಆಗಲ್ಲ, ಜಾಸ್ತಿ ಮಾರ್ಜಿನ್ ಇರುವ ಸರಕನ್ನೇ ಅವರು ಹೊಗಳುತ್ತಾರೆ. ಅವರನ್ನು ಕೇಳುವುದಕ್ಕಿಂತ ಗಿರಾಕಿಯ ಕೈ ನೋಡಬೇಕು.

ಕೂತಲ್ಲೇ ಸಿಗುವ ಮಾಹಿತಿಯನ್ನೂ ತೆಗೆದು ನೋಡಿದೆ. ಟಿವಿಯಲ್ಲಿ ಯಾವುದನ್ನು ಎಷ್ಟು ಜನ ನೋಡುತ್ತಾರೆ ಅಂತ ಅಳೆಯುವ ಬಾರ್ಕ್ ಸಂಸ್ಥೆಯ ರೇಟಿಂಗ್ 2015ರಿಂದ ಬರುತ್ತಿದೆ, ಅದು ದೊಡ್ಡ ಬಜೆಟ್ಟಿನವರಿಗೆ. ಒಂದು ಊರಿನ ಎಣ್ಣೆಗೆ ಅದರಿಂದ ಏನೂ ಸಿಗಲ್ಲ. ಗೂಗಲ್‌ನಲ್ಲಿ ಜನ ಏನು ಹುಡುಕುತ್ತಾರೆ ಅಂತ ತೋರಿಸುವ ಗೂಗಲ್ ಟ್ರೆಂಡ್ಸ್ ಪುಕ್ಕಟೆ. ಆದರೆ ಅದು ಕೊಡುವ 0ರಿಂದ 100ರ ಅಂಕೆ ಎಷ್ಟು ಜನ ಹುಡುಕಿದರು ಅಂತಲ್ಲ, ಹುಡುಕಾಟ ಅತಿ ಜಾಸ್ತಿ ಇದ್ದ ಹೊತ್ತನ್ನು 100 ಅಂತಿಟ್ಟುಕೊಂಡ ಅಳತೆ. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಆಡ್ ಲೈಬ್ರರಿ ಮಾತ್ರ ನೋಡಲೇಬೇಕು, ಎದುರಾಳಿಗಳ ಚಾಲ್ತಿ ಜಾಹೀರಾತುಗಳೆಲ್ಲ ಅಲ್ಲಿ ಕಾಣುತ್ತವೆ. ನಾನು ನೋಡಿದಾಗ ಗಾಣದ ಎಣ್ಣೆಯವರು ಮುಕ್ಕಾಲು ಪಾಲು ಎತ್ತು, ಮರದ ಗಾಣ, ಅಜ್ಜಿಯ ಫೋಟೋವನ್ನೇ ಹಾಕಿದ್ದರು.

ಹಾಗಾಗಿ ಟೆಸ್ಟಿಗೆ ಎರಡು ಜಾಹೀರಾತು ಮಾಡಿದೆವು. ಒಂದರಲ್ಲಿ ಗಾಣದ ಫೋಟೋ. ಇನ್ನೊಂದರಲ್ಲಿ ಬಾಟಲಿಯ ತಳವನ್ನೇ ಹತ್ತಿರದಿಂದ ತೋರಿಸಿ, 'ತಳದಲ್ಲಿ ಗಸಿ ಇದೆಯಾ? ಇರಬೇಕು' ಎಂಬ ಸಾಲು. ರೇಟು, ಬಟನ್, ಊರು ಎಲ್ಲ ಒಂದೇ. ಬದಲಾಗಿದ್ದು ಫೋಟೋ ಮತ್ತು ಅದರ ಸಾಲು, ಅಷ್ಟೇ. ಫೇಸ್‌ಬುಕ್‌ನ ಎ/ಬಿ ಟೆಸ್ಟ್ ಸೌಲಭ್ಯದಲ್ಲೇ ಇದನ್ನು ನಡೆಸಬೇಕು, ಅದು ಜನರನ್ನು ಎರಡು ಪಾಲು ಮಾಡುತ್ತದೆ. ಸುಮ್ನೆ ಎರಡನ್ನೂ ಒಟ್ಟಿಗೆ ಬಿಟ್ಟರೆ ಫೇಸ್‌ಬುಕ್ ಮೊದಲು ಓಡಿದ್ದಕ್ಕೇ ದುಡ್ಡು ಸುರಿದು ಇನ್ನೊಂದನ್ನು ಮೂಲೆಗೆ ತಳ್ಳುತ್ತದೆ. ಗಾಣಕ್ಕೆ ಲೈಕ್ ಜಾಸ್ತಿ ಬಂತು. 'ಎಲ್ಲಿ ಸಿಗುತ್ತೆ, ರೇಟ್ ಎಷ್ಟು?' ಎಂಬ ಮೆಸೇಜುಗಳು ಗಸಿಗೆ ಜಾಸ್ತಿ ಬಂದವು. ನಮಗೆ ಬೇಕಿದ್ದದ್ದು ಮೆಸೇಜು. ಈ ಯೋಚನೆ ಹೊಸದೇನಲ್ಲ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಅಂಚೆಯಲ್ಲಿ ಸರಕು ಮಾರುವ ವ್ಯಾಪಾರಿಗಳು ಒಂದೊಂದು ಜಾಹೀರಾತಿನ ಕೂಪನ್ನಿಗೆ ಒಂದೊಂದು ಗುರುತು ಹಾಕಿ, ಯಾವುದು ಎಷ್ಟು ವಾಪಸ್ ಬಂತು ಅಂತ ಎಣಿಸುತ್ತಿದ್ದರು. ಆದರೆ ಟೆಸ್ಟು ನಾವು ಕೊಟ್ಟ ಎರಡರಲ್ಲಿ ಒಂದನ್ನು ಆರಿಸುತ್ತದೆ ಅಷ್ಟೇ, ಮೂರನೆಯದನ್ನು ಹುಡುಕಿಕೊಡಲ್ಲ.

ಸರ್ವೆಯನ್ನು ಕೊನೆಗಿಟ್ಟೆ. ವಾಟ್ಸಾಪಿನಲ್ಲಿ ಗೂಗಲ್ ಫಾರ್ಮ್ ಓಡಿಸೋದು ಸರ್ವೆಯೇ ಅಲ್ಲ, ನೆಂಟರ ಅಭಿಪ್ರಾಯ ಸಂಗ್ರಹ. ಲಾಟರಿ ಎತ್ತಿದ ಹಾಗೆ ಆರಿಸಿ ನೂರು ಜನರನ್ನು ಕೇಳಿದರೂ ಉತ್ತರ ಶೇಕಡಾ 10ರಷ್ಟು ಆಚೀಚೆ ಹೋಗಬಹುದು. ಅದನ್ನು 5ಕ್ಕೆ ಇಳಿಸೋಕೆ ಸುಮಾರು 400 ಜನ ಬೇಕು. ಖರ್ಚು ನಾಲ್ಕು ಪಟ್ಟು. 'ಶುದ್ಧ ಎಣ್ಣೆ ಕೊಳ್ಳುತ್ತೀರಾ?' ಅಂದರೆ ಯಾರೂ ಇಲ್ಲ ಅನ್ನಲ್ಲ. 'ಕೊನೆಯ ಸಲ ಯಾವ ಎಣ್ಣೆ ತಂದ್ರಿ, ಎಷ್ಟು ಕೊಟ್ರಿ?' ಅಂದರೆ ನಿಜ ಬರುತ್ತದೆ. ಆದಾಯವನ್ನೂ ನೇರವಾಗಿ ಕೇಳಬಾರದು. ಮನೆ ಖರ್ಚಿಗೆ ಜಾಸ್ತಿ ಕೊಡುವವರ ಓದು, ಜೊತೆಗೆ ಫ್ರಿಜ್, ವಾಷಿಂಗ್ ಮೆಷಿನ್, ಕಾರಿನಂಥ ಹನ್ನೊಂದರ ಪಟ್ಟಿಯಲ್ಲಿ ಎಷ್ಟಿವೆ ಅಂತ ಕೇಳಿ ವರ್ಗ ತೀರ್ಮಾನಿಸುವ ಎನ್‌ಸಿಸಿಎಸ್ ಪದ್ಧತಿ 2011ರಿಂದ ನಮ್ಮಲ್ಲಿದೆ.

ಜಾಹೀರಾತಿನ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅದೇ ಪ್ರಶ್ನೆ ಕೇಳಿ ಹೋಲಿಸೋಕೆ ಸರ್ವೆಗಿಂತ ಒಳ್ಳೆಯದಿಲ್ಲ. 'ಗಾಣದ ಎಣ್ಣೆಯಲ್ಲಿ ಗಸಿ ಯಾಕಿರುತ್ತೆ?' ಅಂತ ಮೊದಲ ಸುತ್ತು ಕೇಳಿ ಬರೆದಿಟ್ಟುಕೊಂಡಿದ್ದೇವೆ. ದೀಪಾವಳಿ ಕಳೆದ ಮೇಲೆ ಅದೇ ಬಡಾವಣೆಗಳಲ್ಲಿ ಎರಡನೆಯ ಸುತ್ತು.